ಟೋಪಿಗೊಂದು ಮಳೆಯಂಗಿ

ಮಳೆ ಬಂದರೆ ಜನ ತಲೆಗೆ ಟೋಪಿ ಹಾಕಿಕೊಳ್ಳುತ್ತಾರೆ. ಬೆಲೆಬಾಳುವ ಟೋಪಿ ಉಳ್ಳವರು ಮಾತ್ರ ಅದನ್ನು ತೆಗೆದು ಕೋಟಿನೊಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ತಲೆ ಕಾಯಬೇಕಾದ ಟೋಪಿಯನ್ನೇ ಕಾಯಬೇಕಾಗಿ ಬಂದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಹೊರಟರೆ ಕೆನಡಾದ ಕಾಡು, ವಾಟರ್ಲೂ ರಣರಂಗ, ನ್ಯೂಜಿಲೆಂಡಿನ ಒಂದು ಬೆಟ್ಟ ಸುತ್ತಿ ಕಡೆಗೆ ನಮ್ಮ ಊರಿನ ಸರ್ಕಲ್ಲಿನಲ್ಲಿ ನಿಂತ ಪೊಲೀಸಪ್ಪನವರೆಗೂ ಬರಬೇಕಾಗುತ್ತದೆ.

ಒಳ್ಳೆಯ ಹ್ಯಾಟುಗಳೆಲ್ಲ ಬಹುಕಾಲ ಫೆಲ್ಟಿನವೇ ಆಗಿದ್ದವು. ಫೆಲ್ಟನ್ನು ನೇಯುವುದಿಲ್ಲ. ಉಣ್ಣೆಯ ಅಥವಾ ತುಪ್ಪಳದ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳಿರುತ್ತವೆ. ಬಿಸಿನೀರು ಸೋಕಿಸಿ ಒತ್ತಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ದಪ್ಪ ಹಾಳೆಯಾಗುತ್ತವೆ. ಅದನ್ನು ಹಬೆಯಲ್ಲಿ ಮೆತ್ತಗಾಗಿಸಿ ಮರದ ಅಚ್ಚಿನ ಮೇಲೆ ಎಳೆದು ಕೂರಿಸಿದರೆ ಟೋಪಿ. ನೀರು ಮತ್ತು ಶಾಖ ಸೇರಿ ಕೊಟ್ಟ ಆಕಾರವನ್ನು ಅವೇ ಕೆಡಿಸಲೂ ಬಲ್ಲವು. ನೆನೆದ ಹ್ಯಾಟಿನ ಅಂಚು ಜೋಲುತ್ತದೆ. ಅದನ್ನು ಬಿಸಿಯಲ್ಲಿ ಒಣಗಿಸಿದರೆ ಕುಗ್ಗಿ, ಕೊಂಡಾಗ ಸರಿಹೊಂದಿದ ತಲೆಗೆ ಮತ್ತೆ ಹಿಡಿಸುವುದಿಲ್ಲ.

ಈ ತೊಂದರೆಗೆ ಯುರೋಪಿನ ಟೋಪಿ ತಯಾರಕರು ಕಂಡುಕೊಂಡ ಮೊದಲ ಪರಿಹಾರ ಒಂದು ಪ್ರಾಣಿ. ಅದು ನೀರಿನಲ್ಲೇ ಬಾಳುವ ಬೀವರ್. ಅದರ ಒಳತುಪ್ಪಳದಿಂದ ಮಾಡಿದ ಫೆಲ್ಟು ಒತ್ತಾಗಿರುತ್ತದೆ, ನೆನೆದರೂ ಕುರಿಯುಣ್ಣೆಯಷ್ಟು ಬೇಗ ರೂಪ ಕಳೆದುಕೊಳ್ಳುವುದಿಲ್ಲ. ಯುರೋಪಿನ ಬೀವರುಗಳು ಬೇಟೆಗೆ ಸಿಕ್ಕಿ ಬರಿದಾದ ಮೇಲೆ ವ್ಯಾಪಾರಿಗಳ ಕಣ್ಣು ಉತ್ತರ ಅಮೆರಿಕದ ಮೇಲೆ ಬಿತ್ತು. 1670ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯಿಂದ ಸನ್ನದು ಪಡೆದ ಹಡ್ಸನ್ ಬೇ ಕಂಪನಿ ಈ ತುಪ್ಪಳದ ವ್ಯಾಪಾರದಿಂದಲೇ ಬೆಳೆಯಿತು. ಅಲ್ಲಿನ ಮೂಲನಿವಾಸಿಗಳು ತುಪ್ಪಳ ಒಳಮುಖವಾಗಿ ಬರುವಂತೆ ತೊಟ್ಟು ಹಳತು ಮಾಡಿದ ಚರ್ಮಗಳಿಗೆ ಒಂದು ಕಾಲದಲ್ಲಿ ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆಯಿತ್ತು. ಮೈಗೆ ತಿಕ್ಕಿ ತಿಕ್ಕಿ ಒರಟು ಕೂದಲು ಉದುರಿಹೋಗಿ, ಉಳಿದ ತುಪ್ಪಳ ಜಿಡ್ಡು ಹಿಡಿದು ಹದವಾಗಿರುತ್ತಿತ್ತು. ಉಣ್ಣೆಯ ಜಿಡ್ಡು ಹೋಗದ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುವ ನಮ್ಮ ಮಲೆನಾಡಿನವರಿಗೆ ಜಿಡ್ಡಿಗೂ ಮಳೆಗೂ ಇರುವ ವೈರವನ್ನು ಹೇಳಿಕೊಡಬೇಕಾಗಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಬೀವರ್ ಹ್ಯಾಟನ್ನು ರೇಷ್ಮೆಯ ಎತ್ತರದ ಹ್ಯಾಟು ಮೂಲೆಗೆ ತಳ್ಳಿತು. ಅರಗಿನಿಂದ ಗಟ್ಟಿಮಾಡಿದ ಬಟ್ಟೆಯ ಗೂಡಿನ ಮೇಲೆ ಮಿರುಗುವ ರೇಷ್ಮೆಯ ಪ್ಲಶ್ ಅಂಟಿಸಿದ ಈ ಟೋಪಿ ತಲೆ ಕಾಯುವುದಕ್ಕಿಂತ ಅಂತಸ್ತು ತೋರಿಸಲು ಹುಟ್ಟಿದ್ದು. ನಾಲ್ಕು ಹನಿ ಬಿದ್ದರೂ ಹೊಳಪು ಕೆಟ್ಟು ಕಲೆ ನಿಲ್ಲುತ್ತಿತ್ತು. ಇದಕ್ಕೆ ಸುಮಾರು ನೂರು ವರ್ಷ ಹಿಂದೆ, 1750ರ ಆಸುಪಾಸಿನಲ್ಲಿ, ಜೋನಾಸ್ ಹ್ಯಾನ್ವೇ ಎಂಬಾತ ಲಂಡನ್ ಬೀದಿಯಲ್ಲಿ ಕೊಡೆ ಹಿಡಿದು ನಡೆದಾಗ ಬಾಡಿಗೆ ಗಾಡಿಯವರು ಗೇಲಿ ಮಾಡಿದ್ದರು. ರೇಷ್ಮೆ ಹ್ಯಾಟಿನ ಕಾಲ ಬರುವಷ್ಟರಲ್ಲಿ ಅದೇ ಕೊಡೆ ದೊಡ್ಡ ಮನುಷ್ಯರ ಕೈಯ ಭೂಷಣವಾಗಿತ್ತು.

ಬಂದೂಕು ಹಿಡಿದ ಸೈನಿಕ ಕೊಡೆ ಹಿಡಿಯಲಾರ. ಟೋಪಿಗೇ ಒಂದು ಗವಸು ತೊಡಿಸುವ ರೂಢಿ ಬೇರೂರಿದ್ದು ಸೈನ್ಯದಲ್ಲಿ. ನೆಪೋಲಿಯನ್ ಕಾಲದ ಕಾಲಾಳುಗಳು ತಲೆಗೆ ಇಟ್ಟುಕೊಳ್ಳುತ್ತಿದ್ದ ಶಾಕೋ ಎಂಬ ಉದ್ದನೆಯ ಟೋಪಿಯ ಮೇಲೆ ಹಿತ್ತಾಳೆ ಬಿಲ್ಲೆ, ಗರಿ, ಕುಚ್ಚುಗಳ ವೈಭವವಿತ್ತು. ಕವಾಯತಿನಲ್ಲಿ ಅದು ಸೊಗಸು. ದಂಡಯಾತ್ರೆಗೆ ಹೊರಟಾಗ ಮಾತ್ರ ಎಣ್ಣೆ ಕುಡಿಸಿದ ಬಟ್ಟೆಯ ಗವಸು ಎಲ್ಲವನ್ನೂ ಮುಚ್ಚುತ್ತಿತ್ತು. 1815ರ ಜೂನ್ 17ರ ರಾತ್ರಿಯಿಡೀ ಜಡಿಮಳೆ ಸುರಿದು, ಮರುದಿನ ವಾಟರ್ಲೂ ಕದನ ನಡೆಯಿತು. ಆ ಕೆಸರಿನಲ್ಲಿ ಎರಡೂ ಕಡೆಯ ಅನೇಕರು ಗವಸಿನ ಟೋಪಿಯಲ್ಲೇ ಹೋರಾಡಿದರು.

ಆ ಬಟ್ಟೆಗೆ ಕುಡಿಸುತ್ತಿದ್ದದ್ದು ಕುದಿಸಿದ ಅಗಸೆ ಎಣ್ಣೆ. ಗಾಳಿಗೆ ಒಣಗಿ ಪೊರೆಗಟ್ಟುವ ಗುಣ ಅದಕ್ಕಿದೆ. ಬಿಸಿಲು ಜೋರಾದರೆ ಅಂಟು, ಮಡಚಿಟ್ಟರೆ ಬಿರುಕು, ಇವು ಅದರ ದೋಷಗಳು. 1823ರಲ್ಲಿ ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಸವರಿ ಪೇಟೆಂಟ್ ಪಡೆದ. ಆ ರಬ್ಬರೂ ಬೇಸಿಗೆಯಲ್ಲಿ ಅಂಟುತ್ತಿತ್ತು, ಚಳಿಯಲ್ಲಿ ಸೆಟೆಯುತ್ತಿತ್ತು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಲ್ಕನೈಸೇಶನ್ ವಿಧಾನಕ್ಕೆ 1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದ ಮೇಲೆ ಆ ಕಾಟ ತಪ್ಪಿತು.

ಗವಸಿನ ಗೊಡವೆಯೇ ಬೇಡ, ಟೋಪಿಯ ಆಕಾರವನ್ನೇ ತಿದ್ದೋಣ ಎಂದವರೂ ಇದ್ದರು. ಮೀನುಗಾರರ ಸೌವೆಸ್ಟರ್ ಟೋಪಿಯನ್ನು ಎಣ್ಣೆ ಬಟ್ಟೆಯಿಂದಲೇ ಹೊಲಿಯುತ್ತಿದ್ದರು. ನೀರು ಕುತ್ತಿಗೆಗೆ ಇಳಿಯದಿರಲೆಂದು ಅದರ ಹಿಂದಿನ ಅಂಚು ಉದ್ದ. ನ್ಯೂಜಿಲೆಂಡಿನ ಟಾರನಾಕಿ ರೈಫಲ್ಸ್ ಪಡೆಯ ಅಧಿಕಾರಿ ವಿಲಿಯಂ ಮಲೋನ್ ಹ್ಯಾಟಿನ ನಡುಭಾಗ ತಗ್ಗಾದರೆ ಮಳೆನೀರು ನಿಲ್ಲುತ್ತದೆಂದು ಕಂಡು, ನೆತ್ತಿಯನ್ನು ಚೂಪಾಗಿಸಿ ನಾಲ್ಕು ಕಡೆ ಒತ್ತಿಸಿದ. ನೀರು ಜಾರಿಹೋಯಿತು, ಊರಿನ ಟಾರನಾಕಿ ಬೆಟ್ಟದ ಚಹರೆಯೂ ಬಂತು. ಮಲೋನ್ 1915ರ ಆಗಸ್ಟಿನಲ್ಲಿ ಗಲಿಪೊಲಿ ಯುದ್ಧದಲ್ಲಿ ಮಡಿದ. ಮರುವರ್ಷ ಅವನ ಟೋಪಿ ನ್ಯೂಜಿಲೆಂಡ್ ಸೇನೆಯ ಗುರುತಾಯಿತು.

ನಮ್ಮ ದೇಶದಲ್ಲಿ ಬ್ರಿಟಿಷರ ತಲೆಯೇರಿದ್ದು ಸೋಲಾ ಟೋಪಿ. ಜೌಗು ನೆಲದಲ್ಲಿ ಬೆಳೆಯುವ ಸೋಲಾ ಗಿಡದ ಬೆಂಡಿನಿಂದ ಮಾಡಿದ್ದು. ಹತ್ತಿಯಷ್ಟು ಹಗುರ, ಬಿಸಿಲಿಗೆ ಹೇಳಿ ಮಾಡಿಸಿದಂಥದು. ಮುಂಗಾರಿಗೆ ಮಾತ್ರ ಸೋತಿತು. ಬೆಂಡು ನೀರು ಹೀರಿ ಮೆತ್ತಗಾಗಿ ರೂಪಗೆಡುತ್ತಿತ್ತು. ಒರಟು ಬಳಕೆಗೆ ಅದರ ಜಾಗದಲ್ಲಿ ಕಾರ್ಕಿನ ಟೋಪಿಗಳು ಬಂದವು. ಇತ್ತ ಅಡಕೆ ಹಾಳೆಯ ಟೊಪ್ಪಿ, ಬಿದಿರು ಮತ್ತು ಎಲೆಯ ಗೊರಬು ಹೊತ್ತ ರೈತರಿಗೆ ಯಾವ ಗವಸೂ ಬೇಕಾಗಲಿಲ್ಲ.

ಕರ್ನಾಟಕದ ಕಾನ್‌ಸ್ಟೆಬಲ್‌ಗಳ ತಲೆಯ ಮೇಲೆ ದಶಕಗಳ ಕಾಲ ಕೂತದ್ದು ಒಂದು ಬದಿ ಮೇಲೆತ್ತಿದ ಸ್ಲೋಚ್ ಹ್ಯಾಟ್. 1885ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ ಕುದುರೆ ಪಡೆ ಕಟ್ಟಿದ ಟಾಮ್ ಪ್ರೈಸ್ ತನ್ನವರಿಗೆ ಇಂಥದೇ ಹ್ಯಾಟು ತೊಡಿಸಿದ್ದ. ಅದನ್ನು ಮೊದಲು ಕಂಡದ್ದು ಬರ್ಮಾದಲ್ಲಂತೆ. ನಮ್ಮಲ್ಲಿ ಮಳೆಗಾಲ ಬಂತೆಂದರೆ ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಏರುತ್ತಿತ್ತು. ಅಮೆರಿಕದ ಹೆದ್ದಾರಿ ಪೊಲೀಸರ ಅಗಲ ಹ್ಯಾಟಿಗೂ ಅಂಚಿಗೆ ಎಲಾಸ್ಟಿಕ್ ಕೊಟ್ಟ ಇಂಥದೇ ಕವರ್ ಇದೆ. ವಾಟರ್ಲೂವಿನ ಎಣ್ಣೆ ಬಟ್ಟೆಯ ಕೆಲಸವನ್ನು ಈಗ ಪ್ಲಾಸ್ಟಿಕ್ ಮಾಡುತ್ತಿದೆ. ಸ್ಲೋಚ್ ಹ್ಯಾಟ್ ಭಾರ, ಓಡುವಾಗ ತಲೆಯಲ್ಲಿ ನಿಲ್ಲದು ಎಂಬ ಹಳೆಯ ದೂರಿಗೆ 2025ರ ಅಕ್ಟೋಬರಿನಲ್ಲಿ ಕೊನೆಗೂ ಉತ್ತರ ಸಿಕ್ಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸೌಧದಲ್ಲಿ ಕಡುನೀಲಿ ಪೀಕ್ ಕ್ಯಾಪ್ ವಿತರಣೆಗೆ ಚಾಲನೆ ಕೊಟ್ಟರು.

ಗವಸೇ ಇಲ್ಲದೆ ನೀರು ತಡೆಯುವ ದಾರಿ ತೆರೆದದ್ದು ಆಕಸ್ಮಿಕವಾಗಿ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ ಒಬ್ಬರ ಬೂಟಿನ ಮೇಲೆ ಫ್ಲೋರಿನ್‌ಯುಕ್ತ ರಾಸಾಯನಿಕದ ಹನಿ ಬಿತ್ತು. ಎಷ್ಟು ತೊಳೆದರೂ ಅದು ಹೋಗಲಿಲ್ಲ, ನೀರೂ ಅಲ್ಲಿಗೆ ಅಂಟಲಿಲ್ಲ. ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಇದನ್ನೇ ಬೆನ್ನಟ್ಟಿ ರೂಪಿಸಿದ ಸ್ಕಾಚ್‌ಗಾರ್ಡ್ 1956ರಲ್ಲಿ ಮಾರುಕಟ್ಟೆಗೆ ಬಂತು. ಹ್ಯಾಟಿಗೆ ಹೊಡೆಯುವ ಸ್ಪ್ರೇಗಳಲ್ಲಿ ಹಲವು ಇದೇ ಸಂತತಿಯವು. ಆದರೆ ಮೂಲ ಸ್ಕಾಚ್‌ಗಾರ್ಡ್‌ನ ರಾಸಾಯನಿಕ ಪರಿಸರದಲ್ಲಿ ಕೊಳೆಯದೆ ಉಳಿದು ಜೀವಿಗಳ ಮೈ ಸೇರುತ್ತದೆಂದು ತಿಳಿದು, 2000ನೇ ಇಸವಿಯಲ್ಲಿ ಕಂಪನಿಯೇ ಅದನ್ನು ಕೈಬಿಡುವುದಾಗಿ ಘೋಷಿಸಿತು.

ಇಷ್ಟೆಲ್ಲ ಆದ ಮೇಲೂ ಹ್ಯಾಟು ನೆನೆಯುವುದು ತಪ್ಪಿಲ್ಲ. ನಿಮ್ಮ ಫೆಲ್ಟ್ ಹ್ಯಾಟು ನೆನೆದರೆ ಹೇರ್ ಡ್ರೈಯರಿನ ಬಳಿ, ಒಲೆಯ ಬಳಿ ಒಯ್ಯಬೇಡಿ. ಮೊದಲು ನೀರು ಕೊಡವಿ. ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಆ ಪಟ್ಟಿಯ ಮೇಲೆಯೇ ಹ್ಯಾಟು ನಿಲ್ಲುವಂತೆ ಇಟ್ಟು ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಎಳೆ ಮಲಗಿದ ದಿಕ್ಕಿಗೇ ಬಾಚಿ. ಒದ್ದೆಯಿದ್ದಾಗ ಹಿಡಿದ ಮಣ್ಣೂ ಆಗ ತಾನಾಗಿ ಉದುರುತ್ತದೆ. ಸ್ಪ್ರೇ ಕೊಳ್ಳುವುದಾದರೆ ಫ್ಲೋರಿನ್ ಸಂಯುಕ್ತ ಇಲ್ಲದ್ದನ್ನು ಕೇಳಿ ಕೊಳ್ಳಿ.