ಬಾಣಂತಿ ಮೀನಿಗೆ ನೆರೆಹೊರೆ ಯಾರಿರಬೇಕು?

ಹಜಾರದಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನುಗಳು ಇದ್ದರೆ ಮನೆಗೇ ಒಂದು ಕಳೆ. ಆದರೆ ಮೀನು ಸಾಕುವುದು ಬೇರೆ, ಮರಿ ಮಾಡಿಸುವುದು ಬೇರೆ. ಅಂಗಡಿಯಲ್ಲಿ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನೆಲ್ಲ ಒಂದೇ ತೊಟ್ಟಿಗೆ ಬಿಟ್ಟು, "ಮೊಟ್ಟೆ ಇಟ್ಟಿತ್ತು ಕಣ್ರೀ, ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ" ಎಂದು ಪೇಚಾಡುವವರೇ ಹೆಚ್ಚು. ಬಾಣಂತಿ ಕೋಣೆಗೆ ಊರವರೆಲ್ಲ ನುಗ್ಗಿದರೆ ತಾಯಿ-ಮಗುವಿಗೆ ನೆಮ್ಮದಿ ಎಲ್ಲಿಯದು? ಮೀನಿನ ಪಾಡೂ ಅಷ್ಟೇ.

ಮೊದಲು ಈ ಜೋಡಿಯ ಪರಿಚಯ

ಬಹಳಷ್ಟು ಮೀನುಗಳು ಮೊಟ್ಟೆ ಉದುರಿಸಿ ಮರೆತುಬಿಡುತ್ತವೆ. ಸಿಕ್ಲಿಡ್ ಜಾತಿಯವು ಹಾಗಲ್ಲ, ಮೊಟ್ಟೆ-ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತವೆ. ಇವುಗಳಲ್ಲಿ ಚಿಕ್ಕ ಗಾತ್ರದವನ್ನು ಕುಳ್ಳ ಸಿಕ್ಲಿಡ್ ಎನ್ನೋಣ. ಹೊಸದಾಗಿ ಕೈಹಾಕುವವರಿಗೆ ಹೇಳಿಸಿದ್ದು ಕ್ರಿಬೆನ್ಸಿಸ್. ಇದರ ತವರು ಪಶ್ಚಿಮ ಆಫ್ರಿಕಾದ ನೈಜೀರಿಯಾ, ಕ್ಯಾಮರೂನ್ ಕಡೆಯ ಹೊಳೆಗಳು. ಗಂಡು ಸುಮಾರು 10 ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ಸಣ್ಣದು. ಆದರೆ ಚೆಲುವೆ ಹೆಣ್ಣೇ! ಮೊಟ್ಟೆಯಿಡುವ ಕಾಲ ಬಂದಾಗ ಅವಳ ಹೊಟ್ಟೆ ಕುಂಕುಮ ಬಳಿದಂತೆ ಕೆಂಪಾಗುತ್ತದೆ. ಗಂಡಿನ ಮುಂದೆ ಮೈ ಬಳುಕಿಸಿ ಕರೆಯುವವಳೂ ಅವಳೇ.

ಮೊಟ್ಟೆಯಿಡಲು ಇವಕ್ಕೆ ಗುಹೆಯಂಥ ಮರೆ ಬೇಕು. ಕಾಯಿ ತುರಿದು ಉಳಿದ ಕರಟವನ್ನು ನಾರು ಕೆರೆದು, ಚೆನ್ನಾಗಿ ಕುದಿಸಿ, ಅಂಚಿನಲ್ಲಿ ಮೀನು ನುಸುಳುವಷ್ಟು ಬಾಯಿ ಮಾಡಿ ಕವುಚಿಡಿ. ಚಿಕ್ಕ ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿದರೂ ಆಯಿತು. ಒಳಗೆ ತಾಯಿ ಮೊಟ್ಟೆ ನೋಡಿಕೊಂಡರೆ, ಹೊರಗೆ ತಂದೆಯ ಕಾವಲು.

ಜೋಡಿಯನ್ನು ಒಂಟಿಯಾಗಿ ಬಿಟ್ಟರೇನು?

"ಹಾಗಾದರೆ ಬೇರೆ ಮೀನೇ ಬೇಡವಲ್ಲ?" ಎನ್ನುತ್ತೀರಿ. ಸಣ್ಣ ತೊಟ್ಟಿಗಾದರೆ ಸರಿ. ಆದರೆ ಸುತ್ತ ಯಾರೂ ಇಲ್ಲದಿದ್ದರೆ ಈ ಜೋಡಿ ಅಂಜಿಕೊಂಡು ಮರೆಯಲ್ಲೇ ಇರುವುದುಂಟು. ಮೇಲೆ ನಾಲ್ಕಾರು ಚಿಕ್ಕ ಮೀನುಗಳು ನಿರ್ಭಯವಾಗಿ ಓಡಾಡುತ್ತಿದ್ದರೆ 'ಅಪಾಯವೇನೂ ಇಲ್ಲ' ಎಂಬ ಧೈರ್ಯ ಇವಕ್ಕೂ ಬರುತ್ತದೆ. ಇನ್ನೊಂದು ಮಾತು. ಗದರಿಸಲು ಹೊರಗಿನವರು ಯಾರೂ ಇಲ್ಲದಾಗ ಗಂಡಿನ ಕೋಪ ಹೆಣ್ಣಿನ ಮೇಲೇ ತಿರುಗುವುದುಂಟು. ಇಕ್ಕಟ್ಟಾದ ತೊಟ್ಟಿಯಲ್ಲಿ ಅವಳ ಜೀವಕ್ಕೂ ಸಂಚಕಾರ. ಆದ್ದರಿಂದ ಜೋಡಿ ಮಾತ್ರ ಇರುವ ತೊಟ್ಟಿಯಲ್ಲಿ ಗಿಡಗಳು ದಟ್ಟವಾಗಿರಲಿ, ಮರೆಗಳು ಎರಡು-ಮೂರಾದರೂ ಇರಲಿ.

ಯಾರು ಹೊಂದುತ್ತಾರೆ?

ನೀರಿನ ಮೇಲ್ಭಾಗದಲ್ಲಿ ಓಡಾಡುವ, ಚುರುಕಾದ, ಚಿಕ್ಕ ಬಾಯಿಯ ಮೀನುಗಳು. ನಮ್ಮ ದೇಶದ ತೊರೆಗಳದ್ದೇ ಆದ ಝೀಬ್ರಾ ಡೇನಿಯೊ ಇದಕ್ಕೆ ಒಳ್ಳೆಯದು. ಮೈಮೇಲೆ ನೀಲಿ ಪಟ್ಟೆ, ಬೆಲೆಯೂ ದುಬಾರಿಯಲ್ಲ. ಗಂಡು ಅಟ್ಟಿಸಿಕೊಂಡು ಬಂದರೆ ಕ್ಷಣದಲ್ಲಿ ಪರಾರಿ! ಗುಂಪಿನಲ್ಲಿ ಬಾಳುವ ಮೀನಾದ್ದರಿಂದ 6-8 ಇರಲಿ. ಇವು ನೆಗೆಯುತ್ತವೆ, ತೊಟ್ಟಿಗೆ ಮುಚ್ಚಳ ಮರೆಯಬೇಡಿ. ಹಾರ್ಲೆಕ್ವಿನ್ ರಾಸ್ಬೋರಾ ಕೂಡ ಸಾಧು ಸ್ವಭಾವದ್ದು.

ಯಾರು ಬೇಡ?

ಸಕ್ಕರ್ ಮೀನು: ಗಾಜಿನ ಪಾಚಿ ನೆಕ್ಕುತ್ತದೆಂದು ಎಲ್ಲರೂ ತರುತ್ತಾರೆ. ಕತ್ತಲಲ್ಲಿ ತಳದಲ್ಲಿ ತಡಕಾಡುವ ಇದಕ್ಕೆ ಮೊಟ್ಟೆ ಸಿಕ್ಕರೆ ಮುಗಿಯಿತು.

ಕೋರಿಡೋರಾಸ್: ಪಾಪದ ಮೀನು. ಆದರೆ ಇದರ ವಾಸವೂ ತಳದಲ್ಲೇ. ಮರಿ ಕಾಯುವ ಕ್ರಿಬೆನ್ಸಿಸ್ ಇದನ್ನು ಕಚ್ಚಿ ಗಾಯಗೊಳಿಸುತ್ತದೆ.

ಏಂಜಲ್ ಮೀನು: ನೋಡಲು ಅಂದ, ಆದರೆ ಮರಿಗಳೆಂದರೆ ಇದಕ್ಕೆ ಊಟ.

ಟೈಗರ್ ಬಾರ್ಬ್: ರೆಕ್ಕೆ-ಬಾಲ ಕಚ್ಚುವ ತುಂಟ.

ಗಪ್ಪಿ: ಉದ್ದ ಬಾಲದ ಗಂಡುಗಳು ಬೇಗ ಓಡಲಾರದೆ ಪೆಟ್ಟು ತಿನ್ನುತ್ತವೆ.

ಗೋಲ್ಡ್‌ಫಿಷ್: ಇದಕ್ಕೆ ತಂಪು ನೀರು ಹಿತ, ಗಲೀಜೂ ಹೆಚ್ಚು.

ಇನ್ನೊಂದು ಸಿಕ್ಲಿಡ್ ಜೋಡಿ: ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದಂತೆ. ಜಗಳ ತಪ್ಪಿದ್ದಲ್ಲ.

ತೊಟ್ಟಿ ಮತ್ತು ನೀರು

2 ಅಡಿ ಉದ್ದದ ತೊಟ್ಟಿಯಲ್ಲಿ ಜೋಡಿ ಮಾತ್ರ ಇರಲಿ. ನೆರೆಹೊರೆ ಬೇಕೆಂದರೆ 3 ಅಡಿಯದು, ಸುಮಾರು 100 ಲೀಟರ್ ಹಿಡಿಯುವಂಥದ್ದು ಬೇಕು. ನೀರಿನ ಬಿಸಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಚಳಿಗಾಲದಲ್ಲಿ ಹೀಟರ್ ಬೇಕಾದೀತು. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಬೋರ್‌ವೆಲ್ ನೀರು ಬೇಳೆ ಬೇಯದಷ್ಟು ಗಡಸಾಗಿದ್ದರೆ, ಶುದ್ಧವಾಗಿ ಹಿಡಿದ ಮಳೆನೀರನ್ನು ಅದಕ್ಕೆ ಬೆರೆಸಬಹುದು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿ.

ಮೊಟ್ಟೆ ಇಟ್ಟ ಮೇಲೆ

ಹೆಣ್ಣು ಕರಟದಿಂದ ಹೊರಗೆ ಬರುವುದೇ ಅಪರೂಪವಾಯಿತೆಂದರೆ ಮೊಟ್ಟೆಯಿಟ್ಟಿದೆ ಎಂದುಕೊಳ್ಳಿ. ಎತ್ತಿ ನೋಡುವ ಆಸೆ ಬೇಡ! ಬೆದರಿದರೆ ತಾನಿಟ್ಟ ಮೊಟ್ಟೆಯನ್ನು ತಾನೇ ತಿಂದುಬಿಡುತ್ತದೆ. ಈ ಹೊತ್ತಿನಲ್ಲಿ ಹೊಸ ಮೀನನ್ನೂ ಬಿಡಬೇಡಿ. ನೆರೆಹೊರೆಯವರು ಮೊದಲೇ ಬಂದು ಹೊಂದಿಕೊಂಡಿರಬೇಕು. ಸುಮಾರು 3 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮತ್ತೆ 4-5 ದಿನಕ್ಕೆ ತಾಯಿ ಮರಿಗಳ ದಂಡು ಕಟ್ಟಿಕೊಂಡು ಹೊರಡುತ್ತಾಳೆ. ಆಗ ಆಗತಾನೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ ಒಳ್ಳೆಯ ಆಹಾರ. ಅದರ ಮೊಟ್ಟೆ ಮೀನಿನಂಗಡಿಯಲ್ಲಿ ದೊರೆಯುತ್ತದೆ.

ಡೇನಿಯೊಗಳ ಬಾಲ ಹರಿದಿದ್ದರೆ, ಇಲ್ಲವೇ ಅವು ಮೂಲೆಯಲ್ಲಿ ಮುದುಡಿ ನಿಂತಿದ್ದರೆ ತಡಮಾಡದೆ ಬೇರೆ ತೊಟ್ಟಿಗೆ ಸಾಗಿಸಿ. ಹಾಗಾಗಿ ಒಂದು ಚಿಕ್ಕ ತೊಟ್ಟಿ ಸದಾ ಸಿದ್ಧವಿರಲಿ.

ಮೊದಲ ಸಲದ ತಾಯಿ-ತಂದೆ ಮೊಟ್ಟೆ ತಿಂದರೆ ಬೇಸರ ಬೇಡ. ಕೆಲವು ವಾರಗಳಲ್ಲಿ ಮತ್ತೆ ಇಡುತ್ತವೆ, ಅನುಭವ ಅವಕ್ಕೂ ಬೇಕಲ್ಲ! ಮರಿಗಳು ಹೆಚ್ಚಾದರೆ ಗೆಳತಿಯರಿಗೆ ಕೊಡಿ, ಅಂಗಡಿಯವರನ್ನು ಕೇಳಿ. ಕೆರೆಗೋ ಬಾವಿಗೋ ಮಾತ್ರ ಬಿಡಬೇಡಿ. ಪರದೇಶದ ಮೀನು ಅಲ್ಲಿ ನೆಲೆಯೂರಿದರೆ ನಮ್ಮ ನೀರಿನ ಮೀನುಗಳಿಗೆ ಕುತ್ತು.