ಒಂದು ಚಿಟಿಕೆ ಇಂಗಿನ ಲೆಕ್ಕ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರು ಐದು ಜನ, ಪಥ್ಯ ನಾಲ್ಕು. ನನಗೆ ರಕ್ತದೊತ್ತಡ, ಉಪ್ಪು ಕಡಿಮೆ. ನನ್ನಾಕೆಗೆ ಸಕ್ಕರೆ ಕಾಯಿಲೆ. ಸೊಸೆಗೆ ಹಾಲು ಕುಡಿದರೆ ಆಗದು. ಒಂಬತ್ತು ವರ್ಷದ ಮೊಮ್ಮಗನಿಗೆ ಗೋಧಿ ಕೂಡದು. ಮಗನಿಗೆ ಏನೂ ಇಲ್ಲ. ಅವನಿಗೆ ಹಸಿವೊಂದೇ ಕಾಯಿಲೆ.

ಎರಡು ವರ್ಷದ ಹಿಂದೆ ಮೊಮ್ಮಗ ಬೆಳೆಯುವುದೇ ನಿಂತುಹೋಗಿತ್ತು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಕೈಕಾಲು ಕಡ್ಡಿ. ಪರೀಕ್ಷೆಗಳನ್ನೆಲ್ಲ ಮಾಡಿ ‘ಸೀಲಿಯಾಕ್’ ಎಂದರು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ, ದೇಹವನ್ನು ಕಾಯಬೇಕಾದ ಶಕ್ತಿಯೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಇದಕ್ಕೆ ಜೀವನಪೂರ್ತಿ ಪಥ್ಯವೇ ಔಷಧ.

ಇದರ ಗುಟ್ಟು ಬಯಲಾದ ಕಥೆಯನ್ನು ಮಕ್ಕಳು ಕೇಳಬೇಕು. ಎರಡನೆಯ ಮಹಾಯುದ್ಧದ ಕಾಲ, 1944-45ರ ಚಳಿಗಾಲ. ಹಾಲೆಂಡಿನಲ್ಲಿ ಬ್ರೆಡ್ಡಿಗೇ ಬರ. ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಕಾಯಿಲೆಯೂ ಮರಳಿತು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು.

ಅಕ್ಕಿ, ರಾಗಿ, ಜೋಳ ತಿನ್ನುವ ನಾಡಿನಲ್ಲಿ ಇದೇನು ಮಹಾ ಕಷ್ಟ ಎಂದುಕೊಂಡೆ. ಚಪಾತಿ ಬಿಟ್ಟರಾಯಿತಲ್ಲ! ಆಮೇಲೆ ನೋಡಿದರೆ ಉಪ್ಪಿಟ್ಟಿನ ರವೆ, ಶ್ಯಾವಿಗೆ, ಬನ್ನು, ಬಿಸ್ಕತ್ತು ಎಲ್ಲವೂ ಗೋಧಿಯ ನೆಂಟರೇ. ಎಲ್ಲವನ್ನೂ ನಿಲ್ಲಿಸಿದೆವು. ಎರಡು ತಿಂಗಳಾದರೂ ಹುಡುಗನ ಹೊಟ್ಟೆನೋವು ನಿಲ್ಲಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ವೋಚರುಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತಾ ಕೂರಬೇಕಿತ್ತು. ಹಳೆಯ ಡೈರಿಯೊಂದನ್ನು ತೆಗೆದು, ಮೊಮ್ಮಗ ತಿಂದದ್ದನ್ನೆಲ್ಲ ಬರೆಯತೊಡಗಿದೆ.

ಮೊದಲ ತಪ್ಪು ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿತು. ನಮ್ಮ ರಾಗಿಗಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬೀಸಿರುತ್ತಿದ್ದರು. ಆವತ್ತಿನಿಂದ ರಾಗಿಯನ್ನು ಮನೆಯಲ್ಲೇ ಮಿಕ್ಸಿಗೆ ಹಾಕಿ ಜರಡಿ ಹಿಡಿಯುತ್ತೇವೆ.

ಎರಡನೆಯದು ಇಂಗು. ನನಗೆ ಈಗಲೂ ಆಶ್ಚರ್ಯ! ಶುದ್ಧ ಇಂಗಿನ ಘಾಟು ತಡೆಯಲಾಗದು. ಅದಕ್ಕೇ ಗೋಂದು, ಹಿಟ್ಟು ಬೆರೆಸಿ ಮಾರುತ್ತಾರೆ. ಕೆಲವರು ಅಕ್ಕಿಹಿಟ್ಟು ಬೆರೆಸಿದರೆ, ಹಲವರು ಬೆರೆಸುವುದು ಗೋಧಿಹಿಟ್ಟು. ಡಬ್ಬಿಯ ಮೇಲಿನ ಸಣ್ಣಕ್ಷರ ಕನ್ನಡಕ ಹಾಕಿದರೂ ನನಗೆ ಕಾಣಲಿಲ್ಲ, ಮೊಮ್ಮಗನೇ ಓದಿ ಹೇಳಿದ. ದಿನಾ ಸಾರಿಗೆ ಬೀಳುತ್ತಿದ್ದದ್ದು ಅದೇ. ಈಗ ಅಂಗಡಿಯಲ್ಲಿ ಲೇಬಲ್ ಓದುವುದು ಅವನ ಕೆಲಸ. ಆಹಾರ ಸುರಕ್ಷತಾ ನಿಯಮದ ಪ್ರಕಾರ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ ಎಂಬುದು ಅವನಿಗೆ ಬಾಯಿಪಾಠ.

ಮೂರನೆಯ ತಪ್ಪು ಡೈರಿಯಲ್ಲಿ ಇರಲೇ ಇಲ್ಲ. ಒಂದು ರಾತ್ರಿ ಎಲ್ಲರ ಎದುರು ಅವನೇ ಕೇಳಿದ: “ತಾತ, ಸಾಯಂಕಾಲದ ಬಿಸ್ಕತ್ತು ನೀನು ಬರೆದಿಲ್ವಲ್ಲ?”

ಹೌದು, ವಾಕಿಂಗ್ ಹೋದಾಗ ಚಹಾದ ಅಂಗಡಿಯಲ್ಲಿ ಅರ್ಧ ಬಿಸ್ಕತ್ತು ಮುರಿದು ಕೊಡುತ್ತಿದ್ದೆ. ಮಗು ಆಸೆಪಡುತ್ತೆ, ಚೂರು ತಿಂದರೆ ಏನಾದೀತು ಎಂಬ ಅಕ್ಕರೆ. ಸೊಸೆ ಏನೂ ಅನ್ನದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನ್ನಾಕೆ, “ಏನ್ರೀ ಇದು?” ಎಂದವಳು ಮರುದಿನ ಸಂಜೆಯವರೆಗೂ ಮಾತಾಡಲಿಲ್ಲ. ನ್ಯಾಯವೇ.

ಬಿಸ್ಕತ್ತು ನಿಂತಿತು, ಹೊಟ್ಟೆನೋವೂ ಕ್ರಮೇಣ ನಿಂತಿತು. ಕಳೆದ ವರ್ಷದ ಚಡ್ಡಿಗಳು ಈಗ ಮೊಣಕಾಲಿನಿಂದ ಎಷ್ಟೋ ಮೇಲಿವೆ.

ನಾಲ್ಕು ಪಥ್ಯವೆಂದು ನಾಲ್ಕು ಅಡುಗೆ ಮಾಡುವುದಿಲ್ಲ. ಹುಳಿ ಒಂದೇ ಪಾತ್ರೆಯಲ್ಲಿ. ಅರ್ಧ ಉಪ್ಪು ಹಾಕಿ ನನ್ನ ಬಟ್ಟಲು ಎತ್ತಿಟ್ಟ ಮೇಲೆ ಉಳಿದ ಉಪ್ಪು ಬೀಳುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂದರೆ ಒಂದು ಟೀ ಚಮಚವೂ ಇಲ್ಲ, ಅದೂ ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ! ನನ್ನಾಕೆ ಅನ್ನವನ್ನು ಬಟ್ಟಲಲ್ಲಿ ಅಳೆದು, ತಟ್ಟೆಯ ಅರ್ಧ ಪಲ್ಯ, ಕೋಸಂಬರಿ ತುಂಬಿಕೊಳ್ಳುತ್ತಾಳೆ. ಮಗನ ಚಪಾತಿ ಎಲ್ಲರ ಅಡುಗೆ ಮುಗಿದ ಮೇಲೆ, ಬೇರೆ ಕಾವಲಿಯಲ್ಲಿ. ಆ ಕಾವಲಿಗೂ ಲಟ್ಟಣಿಗೆಗೂ ಮೊಮ್ಮಗ ಕೆಂಪು ದಾರ ಕಟ್ಟಿದ್ದಾನೆ.

ಈ ಯುಗಾದಿಗೆ ಒಬ್ಬಟ್ಟಿನ ಕಣಕಕ್ಕೆ ಮೈದಾ ಬದಲು ಅಕ್ಕಿಹಿಟ್ಟು ಬೇಯಿಸಿ ನಾದಿದೆವು. ಗ್ಲುಟೆನ್ ಇಲ್ಲದೆ ಕಣಕಕ್ಕೆ ಜಿಗುಟು ಎಲ್ಲಿಂದ ಬರಬೇಕು? ತಟ್ಟಿದ್ದೆಲ್ಲ ಬಿರುಕು, ಮಗುಚಿದರೆ ಹೂರಣ ಹೊರಗೆ. ಮೊಮ್ಮಗ ಚೂರುಗಳನ್ನು ಬಟ್ಟಲಿಗೆ ಹಾಕಿಕೊಂಡು, ಮೇಲೆ ಕಾಯಿಹಾಲು ಸುರಿದು, ಚಮಚದಲ್ಲಿ ತಿಂದ. ಸೊಸೆಯೂ ಹಾಗೇ ತಿಂದಳು. ನನ್ನಾಕೆ ಅರ್ಧಕ್ಕೆ ನಿಲ್ಲಿಸಿದಳು. ಒಬ್ಬಟ್ಟಿನಲ್ಲಿ ಉಪ್ಪಿಲ್ಲವಲ್ಲ ಎಂದು ನಾನು ಮೂರು ತಿಂದೆ.