ಅಬ್ಬಾರ ಜಾವಾ ನನ್ನ ಪಾಲಿಗೆ ಬಂತು

ಅಬ್ಬಾ ತೀರಿಕೊಂಡ ಎರಡು ತಿಂಗಳ ನಂತರ ಒಂದು ಭಾನುವಾರ ನಾವೆಲ್ಲ ಮೈಸೂರಿನ ಮನೆಯ ಹಜಾರದಲ್ಲಿ ಕುಳಿತು ಪಾಲಿನ ಮಾತೆತ್ತಿದೆವು. 2016ರ ಮಾತು ಇದು. ಹೇಳಿಕೊಳ್ಳುವಂಥ ಆಸ್ತಿಯೇನೂ ಇರಲಿಲ್ಲ. ಪಶುಸಂಗೋಪನಾ ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದವರು ಸಾಲ ಮಾಡಿ ಕಟ್ಟಿಸಿದ ಸಣ್ಣ ಮನೆ, ಬ್ಯಾಂಕಿನಲ್ಲಿ ಅಷ್ಟಿಷ್ಟು ಹಣ. ಎಲ್ಲ ಮುಗಿಯಿತು ಎನ್ನುವಾಗ ದೊಡ್ಡಣ್ಣ, "ಶೆಡ್ಡಿನಲ್ಲಿರೋ ಹಳೇ ಗಾಡಿಯನ್ನೂ ಕೊಟ್ಟುಬಿಡೋಣ. ಬೆಂಗಳೂರಿನವರೊಬ್ಬರು ಅರವತ್ತು ಸಾವಿರಕ್ಕೆ ಕೇಳಿದ್ದಾರೆ" ಎಂದರು. ರಿಯಾದ್‌ನಿಂದ ಬಂದಿದ್ದ ಚಿಕ್ಕಣ್ಣ ತಲೆಯಾಡಿಸಿದರು. ಅಮ್ಮಿ ಏನೂ ಹೇಳಲಿಲ್ಲ, ಸೆರಗಿನ ತುದಿಯನ್ನು ಸುತ್ತುತ್ತಾ ಕುಳಿತಿದ್ದರು.

ನಾನು ಬೇಡವೆಂದೆ. ಗಾಡಿ ನನಗಿರಲಿ ಎಂದೆ. ಚಾಚಾ ನಕ್ಕುಬಿಟ್ಟರು. "ಹೆಣ್ಣುಮಗಳಿಗೆ ಆ ಕಬ್ಬಿಣ ಯಾಕಮ್ಮಾ?"

ನಾನು ಉಡುಗೊರೆಯಾಗಿ ಕೇಳಿರಲಿಲ್ಲ. ಬಿಟ್ಟುಹೋದದ್ದು ಕಡಿಮೆಯಿರಲಿ, ಹೆಚ್ಚಿರಲಿ, ಅದರಲ್ಲಿ ಗಂಡಿಗೂ ಹೆಣ್ಣಿಗೂ ಪಾಲಿದೆ ಎಂಬುದನ್ನು ಮದ್ರಸದಲ್ಲಿ ನಾನೇ ಹುಡುಗಿಯರಿಗೆ ಕಲಿಸುತ್ತೇನೆ. ಮನೆ, ಹಣ ಇವಕ್ಕೆ ಲೆಕ್ಕ ಹಾಕುವವರು ಹೊಲಿಗೆ ಯಂತ್ರ, ಕೈಗಡಿಯಾರ, ಗಾಡಿ ಇವನ್ನೆಲ್ಲ ಗಂಡುಮಕ್ಕಳೇ ಎತ್ತಿಕೊಂಡು ಹೋಗುವುದನ್ನು ನೋಡುತ್ತಲೇ ಬಂದಿದ್ದೇನೆ. ಆದ್ದರಿಂದ ಗಾಡಿಗೂ ಬೆಲೆ ಕಟ್ಟೋಣ ಎಂದೆ. ಎಂಟರಲ್ಲೊಂದು ಅಮ್ಮಿಗೆ. ಉಳಿದದ್ದನ್ನು ಐದು ಭಾಗ ಮಾಡಿದರೆ ಅಣ್ಣಂದಿರಿಗೆ ಎರಡೆರಡು, ನನಗೆ ಒಂದು. ನನ್ನ ಒಂದು ಪಾಲಿನಲ್ಲಿ ಅರವತ್ತು ಸಾವಿರ ಕಳೆದು ಮಿಕ್ಕಿದ್ದನ್ನು ಹಣವಾಗಿ ತೆಗೆದುಕೊಂಡೆ. ಹಾಗೆ ಅಬ್ಬಾರ ಜಾವಾ ನನ್ನ ಪಾಲಿಗೆ ಬಂತು.

ಜಾವಾ ಎಂದರೆ ಮೈಸೂರಿನವರಿಗೆ ಹೆಚ್ಚು ಹೇಳಬೇಕಿಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಜಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕು ಪಡೆದು ಆರಂಭಿಸಿದ ಕಾರ್ಖಾನೆ ಅದು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ನಮ್ಮ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದ ಬಹುಪಾಲು ಗಾಡಿಗಳು ಒಂದೇ ಸಿಲಿಂಡರಿನವು. ಎರಡು ಸೈಲೆನ್ಸರ್ ಕಂಡು ಎರಡು ಸಿಲಿಂಡರ್ ಎಂದು ತಿಳಿಯುವವರುಂಟು, ಆದರೆ ಅವುಗಳಲ್ಲಿ ಒಂದೇ ಸಿಲಿಂಡರಿನಿಂದ ಎರಡು ಕೊಳವೆಗಳು ಹೊರಡುತ್ತವೆ. ಅಬ್ಬಾರದ್ದು ಹಾಗಲ್ಲ. 1980ರ ದಶಕದ ಕೊನೆಯಲ್ಲಿ ಸ್ವಲ್ಪ ಕಾಲ ಮಾತ್ರ ಬಂದ 350 ಟ್ವಿನ್ ಅದು. ನಿಜವಾಗಿಯೂ ಎರಡು ಸಿಲಿಂಡರ್, ಎರಡು ಪಿಸ್ಟನ್, ಎರಡು ಪ್ಲಗ್.

1993ರಲ್ಲಿ ಅದನ್ನು ಎರಡನೇ ಕೈಯಿಂದ ಕೊಂಡರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂದು ಹಳ್ಳಿ ತಿರುಗಿದ್ದು ಅದರಲ್ಲೇ. ವರ್ಷಕ್ಕೊಮ್ಮೆ ಅಮ್ಮಿಯನ್ನು ಹಿಂದೆ ಕೂರಿಸಿಕೊಂಡು ಬಂಡೀಪುರದ ದಾರಿಯಲ್ಲಿ ಊಟಿಗೆ ಹೋಗುತ್ತಿದ್ದರು. ದೂರದ ದಾರಿಗೆ ಅದು ಹೇಳಿ ಮಾಡಿಸಿದ ಗಾಡಿ. ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ, ಕ್ರ್ಯಾಂಕ್ ಅರ್ಧ ಸುತ್ತು ತಿರುಗಿದಾಗಲೆಲ್ಲ ಒಂದು ಕಡೆ ಕಿಡಿ ಹತ್ತುತ್ತದೆ. ಆದ್ದರಿಂದ ಕುಲುಕಾಟ ಕಡಿಮೆ, ಘಾಟಿಯಲ್ಲೂ ಉಸಿರು ಕಟ್ಟುವುದಿಲ್ಲ. ಚೇನ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಹಿಂದೆ ಕೂರುವ ಹೆಂಗಸರಿಗೆ ಇದರ ಬೆಲೆ ಗೊತ್ತು. ಬುರ್ಖಾದ ಅಂಚು ಚೇನಿಗೆ ಸಿಕ್ಕುವ ಭಯವಿಲ್ಲ. ಚಕ್ರದ ಕಡ್ಡಿಗಳಿಗೆ ಮಾತ್ರ ಸೀರೆ ಗಾರ್ಡ್ ಬೇಕೇ ಬೇಕು. ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿಡುವ ಹುಡುಗರಿಗೆ ಏನು ಹೇಳುವುದೋ!

ಮೊದಲ ತಪ್ಪು ನನ್ನದೇ. ಪಾಲೇನೋ ಕೇಳಿ ತೆಗೆದುಕೊಂಡೆ, ಆದರೆ ಶೆಡ್ಡಿನಿಂದ ಹೊರತೆಗೆಯಲಿಲ್ಲ. ಶಾಲೆ, ಮದ್ರಸ, ಮಕ್ಕಳ ಪರೀಕ್ಷೆ. ಎಂಟು ತಿಂಗಳು ಕಳೆಯಿತು. ತೆಗೆದಾಗ ಟ್ಯಾಂಕಿನೊಳಗೆ ತುಕ್ಕು, ಕಾರ್ಬೊರೇಟರಿನಲ್ಲಿ ಅಂಟು. ಗಾಡಿ ಓಡಿಸದಿದ್ದರೆ ಸವೆಯುವುದಿಲ್ಲ ಎಂದು ತಿಳಿದಿದ್ದೆ. ಹಳೆಯ ಗಾಡಿ ನಿಂತಲ್ಲೇ ಹೆಚ್ಚು ಹಾಳಾಗುತ್ತದೆ. 2025ರ ಹೊತ್ತಿಗೆ ಬಂಕುಗಳಲ್ಲಿ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲಂತೂ ಈ ಎಚ್ಚರಿಕೆ ಇನ್ನೂ ಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಬರಿದು ಮಾಡುತ್ತೇನೆ.

ಕಾಗದಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ. ಸಹೋದರಿಯರು ಇದರಲ್ಲಿ ಮೋಸ ಹೋಗುವುದು ಹೆಚ್ಚು. ಮಾಲೀಕರು ತೀರಿಕೊಂಡರೆ ಮೂವತ್ತು ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕು. ಮರಣ ಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆಯನ್ನೂ ಕೇಳುತ್ತಾರೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 1000 ಆಯಿತು, ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿತು. ಹಳೆಯದನ್ನು ಇಟ್ಟುಕೊಳ್ಳುವುದು ಅಗ್ಗವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಗಾಡಿಯನ್ನು ಮೊದಲು ತೋರಿಸಿದ್ದು ದೊಡ್ಡದೊಂದು ಗ್ಯಾರೇಜಿಗೆ. ವಿಪರೀತ ಬಿಳಿ ಹೊಗೆ ಬರುತ್ತಿತ್ತು. ನೋಡಿದೊಡನೆ, "ಮೇಡಂ, ಬೋರ್ ಹೋಗಿದೆ. ಎರಡೂ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು" ಎಂದರು. ನನ್ನ ಚೀಟಿ ದುಡ್ಡೆಲ್ಲ ಅದಕ್ಕೆ ಹೋಯಿತು. ಗಾಡಿ ಮನೆಗೆ ಬಂತು, ಹೊಗೆಯೂ ಜೊತೆಗೇ ಬಂತು! ಮನೆಯವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತು.

ಆಗ ಅಮ್ಮಿಗೆ ನೆನಪಾದವರು ಮಂಡಿ ಮೊಹಲ್ಲಾದ ಉಸ್ತಾದ್. ಮದ್ರಸದಲ್ಲಿ ಓದಿದ ನನಗೆ ಉಸ್ತಾದ್ ಎಂದರೆ ಕಿತಾಬು ಕಲಿಸುವವರು. ಗ್ಯಾರೇಜಿನವರಿಗೆ ಸ್ಪ್ಯಾನರ್ ಕಲಿಸುವವರೂ ಉಸ್ತಾದರೇ. ಎಪ್ಪತ್ತು ದಾಟಿದ್ದ ಅವರು ಅಬ್ಬಾರ ಗಾಡಿಯನ್ನು ಗುರುತು ಹಿಡಿದರು, ನನ್ನನ್ನಲ್ಲ. ಸ್ಟಾರ್ಟ್ ಮಾಡಿಸಿ, ಮುಟ್ಟದೆ, ಹಿಂದೆ ಹೋಗಿ ನಿಂತರು.

"ಹೊಗೆ ಯಾವ ಕಡೆಯಿಂದ ಬರ್ತಿದೆ ಬೇಟಿ?"

ನಾನು ಅಷ್ಟು ದಿನ ಹೊಗೆ ನೋಡಿದ್ದೆ, ಕಡೆ ನೋಡಿರಲಿಲ್ಲ. ಎಡಗಡೆ ಮಾತ್ರ. ಬಲಗಡೆಯದು ಶುದ್ಧವಾಗಿತ್ತು.

"ಗೇರ್ ಆಯಿಲ್ ಎಷ್ಟಿದೆ ನೋಡು."

ತೆಗೆದು ನೋಡಿದರೆ ಅರ್ಧವೂ ಇರಲಿಲ್ಲ. ಅಲ್ಲಿಗೆ ಗುಟ್ಟು ಬಯಲಾಯಿತು. ಈ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಕೆಲಸ ಮಾಡುತ್ತದೆ. ಪೆಟ್ರೋಲ್ ಮತ್ತು ಗಾಳಿ ಮೊದಲು ಅಲ್ಲಿಗೆ ಎಳೆಯಲ್ಪಟ್ಟು ಆಮೇಲೆ ಮೇಲಕ್ಕೆ ಹೋಗುತ್ತದೆ. ಎರಡು ಸಿಲಿಂಡರಿಗೆ ಎರಡು ಕೋಣೆ, ಒಂದರ ಗಾಳಿ ಇನ್ನೊಂದಕ್ಕೆ ಸೋಕಬಾರದು. ಕ್ರ್ಯಾಂಕಿನ ತುದಿಗಳಲ್ಲಿ ಬಳೆಯಷ್ಟೂ ಇಲ್ಲದ ರಬ್ಬರಿನ ಆಯಿಲ್ ಸೀಲ್‌ಗಳಿವೆ. ಎಡಗಡೆ ಕ್ಲಚ್ಚಿನ ಪೆಟ್ಟಿಗೆ, ಅಲ್ಲಿ ಆಯಿಲ್ ಇರುತ್ತದೆ. ಆ ಸೀಲ್ ಗಟ್ಟಿಯಾಗಿ ಬಿರಿದರೆ ಎಂಜಿನ್ ಗೇರ್ ಆಯಿಲನ್ನೇ ಕುಡಿದು ಹೊಗೆಯಾಗಿ ಬಿಡುತ್ತದೆ. ಬಲಗಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಬರೀ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಅದು ಇನ್ನೂ ಅಪಾಯ, ಕಾದ ಪಿಸ್ಟನ್ ದಾರಿಯಲ್ಲೇ ಹಿಡಿದುಕೊಳ್ಳಬಹುದು. ಎಂಟು ತಿಂಗಳು ನಿಂತದ್ದರಿಂದ ಒಣಗಿ ಬಿರಿದಿದ್ದ ಒಂದು ಸೀಲಿಗಾಗಿ ನಾನು ಎರಡು ಬೋರ್ ಮಾಡಿಸಿದ್ದೆ. ಸೀಲಿನ ಬೆಲೆ ಹೇಳಿದರೆ ನೀವು ನಗುತ್ತೀರಿ.

ಅಂದಿನಿಂದ ಶನಿವಾರ ಅಸರ್ ನಮಾಜಿನ ನಂತರ ಒಂದು ಗಂಟೆ ನಾನು ಮಗಳೊಂದಿಗೆ ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಲಿತೆ. ಮಗನಿಗೆ ಗಾಡಿಯ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಇಷ್ಟ, ಕೈ ಮಸಿ ಮಾಡಿಕೊಳ್ಳುವುದಲ್ಲ. ಮಗಳಿಗೆ ಆಗ ಹತ್ತು ವರ್ಷ. ಅಬ್ಬಾ ರಿಪೇರಿಗೆ ಕುಳಿತಾಗ ಟಾರ್ಚ್ ಹಿಡಿಯುತ್ತಿದ್ದ ನನ್ನ ಜಾಗದಲ್ಲಿ ಅವಳು ನಿಂತಳು.

ಟ್ವಿನ್ ಗಾಡಿಯ ಮೋಸ ಎಲ್ಲಿದೆಯೆಂದರೆ, ಒಂದು ಸಿಲಿಂಡರ್ ಸತ್ತರೂ ಅದು ಓಡುತ್ತದೆ. ಎರಡು ಬರ್ನರಿನ ಸ್ಟೌವಿಗೆ ಒಂದೇ ಗ್ಯಾಸ್ ಸಿಲಿಂಡರ್ ಇದ್ದಂತೆ ಇದರ ಎರಡೂ ಕಡೆಗೆ ಕಾರ್ಬೊರೇಟರ್ ಒಂದೇ. ಅಡುಗೆಮನೆಯಲ್ಲಿ ಒಂದು ಉರಿ ಸಣ್ಣಗಾದರೆ ನಮಗೆ ತಕ್ಷಣ ತಿಳಿಯುತ್ತದೆ. ಗಾಡಿಯಲ್ಲಿ ಒಂದು ಉರಿ ಇನ್ನೊಂದರ ಸೋಮಾರಿತನವನ್ನು ಮುಚ್ಚಿಡುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಏರಿನಲ್ಲಿ ಎಳೆಯುತ್ತಿಲ್ಲ ಎಂದು ಗೊಣಗುತ್ತಾ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಪತ್ತೆ ಮಾಡಲು ಉಸ್ತಾದ್ ಹೇಳಿಕೊಟ್ಟ ಉಪಾಯ ನಮಗೆ ಹೊಸದಲ್ಲ. ತವಾ ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುವುದಿಲ್ಲವೇ? ಸ್ಟಾರ್ಟ್ ಮಾಡಿದ ಒಂದು ನಿಮಿಷಕ್ಕೆ ಎರಡೂ ಸೈಲೆನ್ಸರ್ ಬೆಂಡಿನ ಮೇಲೆ ನೀರು ಚಿಮುಕಿಸಿ. ಚುರ್ ಎಂದದ್ದು ದುಡಿಯುತ್ತಿದೆ, ಸುಮ್ಮನೆ ಜಾರಿದ್ದು ಕದ್ದು ಕುಳಿತಿದೆ.

ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬಿಸ್ಕತ್ತಿನ ಕಂದು ಇದ್ದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಆಯಿಲ್ ಹೆಚ್ಚು ಅಥವಾ ಕಿಡಿ ಕಡಿಮೆ. ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ, ಗಾಡಿ ನಿಲ್ಲಿಸಿಬಿಡಬೇಕು. ಎರಡು ಪ್ಲಗ್‌ಗಳ ಬಣ್ಣ ಬೇರೆ ಬೇರೆಯಿದ್ದರೆ ದೋಷ ಕಾರ್ಬೊರೇಟರಿನದ್ದಲ್ಲ, ಒಂದು ಕಡೆಯದ್ದು. ಕಿಡಿಗೆ ಪಾಯಿಂಟ್‌ಗಳೂ ಎರಡು ಜೊತೆ, ಒಂದೊಂದು ಸಿಲಿಂಡರಿಗೆ ಒಂದೊಂದು. ಅವುಗಳ ಸಂದು ಸುಮಾರು 0.4 ಮಿಲಿಮೀಟರ್. ಫೀಲರ್ ಗೇಜಿನ ಎಲೆ ನಡುವೆ ಹೋಗಬೇಕು, ಸ್ವಲ್ಪ ತಡೆದಂತೆಯೂ ಇರಬೇಕು. ಅದರಲ್ಲಿ ನನ್ನ ಕೈಗಿಂತ ಮಗಳ ಕೈ ಸೂಕ್ಷ್ಮ.

ಪೆಟ್ರೋಲಿಗೆ ಟೂ ಟಿ ಆಯಿಲ್ ಬೆರೆಸುವುದು ಮಾತ್ರ ನನ್ನ ಕೆಲಸ, ಯಾರಿಗೂ ಬಿಟ್ಟುಕೊಟ್ಟಿಲ್ಲ. ಉಸ್ತಾದರ ಲೆಕ್ಕ ಲೀಟರಿಗೆ 30 ಮಿಲಿ. ಮಕ್ಕಳ ಔಷಧಿಯ ಅಳತೆ ಮುಚ್ಚಳ ಅದಕ್ಕೆಂದೇ ಇಟ್ಟಿದ್ದೇನೆ. ಹಾಕಲು ಮರೆತರೆ ಪಿಸ್ಟನ್ನಿಗೆ ಬೇರೆ ಎಣ್ಣೆಯೇ ಇಲ್ಲ.

ಹೆಂಗಸು ಇದನ್ನೆಲ್ಲ ಮಾಡಿದ್ದುಂಟೇ ಎಂದು ಕೇಳಿದವರಿಗೆ ಮಗಳ ಬಳಿ ಒಂದು ಉತ್ತರವಿದೆ. ಕಾಲೇಜಿನ ಗ್ರಂಥಾಲಯದಿಂದ ಅವಳು ಎಲ್ಸ್‌ಪೆತ್ ಬಿಯರ್ಡ್ ಎಂಬ ಬ್ರಿಟಿಷ್ ಮಹಿಳೆ ಬರೆದ ಪುಸ್ತಕ ತಂದಳು. ವಾಸ್ತುಶಿಲ್ಪ ವಿದ್ಯಾರ್ಥಿನಿಯಾಗಿದ್ದಾಗ 1982ರಲ್ಲಿ ಹೊರಟು, 1974ರ ಎರಡು ಸಿಲಿಂಡರಿನ ಹಳೆಯ ಬಿಎಂಡಬ್ಲ್ಯುವಿನಲ್ಲಿ ಒಬ್ಬಳೇ ಜಗತ್ತು ಸುತ್ತಿ 1984ರಲ್ಲಿ ಲಂಡನ್ನಿಗೆ ಮರಳಿದವಳು ಆಕೆ. ನಮ್ಮ ದೇಶ, ಪಾಕಿಸ್ತಾನ, ಇರಾನ್ ಎಲ್ಲ ದಾಟಿ ಹೋದಳು. ದುಡ್ಡು ಮುಗಿದಾಗ ಸಿಡ್ನಿಯಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದಳು. ಹೆಣ್ಣು ಒಬ್ಬಳೇ ಹಾಗೆ ಹೋಗುವುದನ್ನು ನಾನು ಒಪ್ಪುತ್ತೇನೆಯೇ ಎಂದು ಮಗಳು ಕೇಳಿದಳು. ಒಪ್ಪುವುದಿಲ್ಲ ಎಂದೆ. ಆದರೆ ಗಾಡಿಯನ್ನು ತಾನೇ ಬಿಚ್ಚಿ ಕಟ್ಟಿದ್ದನ್ನು ಬರೆದ ಪುಟಗಳನ್ನು ಇಬ್ಬರೂ ಎರಡು ಸಲ ಓದಿದೆವು.

ಈಗಿನ ಸ್ಥಿತಿ ಹೇಳಬೇಕು. ಕಳೆದ ಮಳೆಗಾಲದಲ್ಲಿ ಮಗಳು, "ಅಮ್ಮೀ, ಒಳಗೆ ಏನೋ ಗೊರಗೊರ ಅಂತಿದೆ" ಎಂದಳು. ನನಗೆ ಕೇಳಿಸಲಿಲ್ಲ. ಸ್ಪ್ಯಾನರ್ ತುದಿಯನ್ನು ಎಂಜಿನ್ನಿಗೆ ತಾಗಿಸಿ ಕಿವಿಗೊಟ್ಟಾಗ ಕೇಳಿಸಿತು. ಎರಡು ಸಿಲಿಂಡರಿನ ನಡುವೆ ಕ್ರ್ಯಾಂಕಿನ ಬೇರಿಂಗ್ ಸವೆದಿದೆ. ಅದನ್ನು ಬದಲಿಸಬೇಕಾದರೆ ಕ್ರ್ಯಾಂಕನ್ನೇ ಪ್ರೆಸ್ಸಿನಲ್ಲಿಟ್ಟು ಬಿಡಿಸಿ ಮತ್ತೆ ಕೂದಲೆಳೆಯಷ್ಟೂ ವಕ್ರವಾಗದಂತೆ ಜೋಡಿಸಬೇಕು. ಉಸ್ತಾದರ ಕಣ್ಣು ಮಂಜಾಗಿದೆ, ಅಂಗಡಿ ಮುಚ್ಚಿದ್ದಾರೆ. ಫೀಲರ್ ಗೇಜನ್ನು ಮಗಳ ಕೈಗೆ ಕೊಟ್ಟುಬಿಟ್ಟರು. ಈ ಕೆಲಸ ಬಲ್ಲವರು ನನಗೆ ಗೊತ್ತಿರುವಂತೆ ಊರಿನಲ್ಲಿ ಇನ್ನಿಬ್ಬರೇ. ಬಿಡಿಭಾಗಗಳ ಚಿಂತೆಯಿಲ್ಲ, ಚೆಕ್ ದೇಶದಲ್ಲಿ ಈ ಹಳೆಯ ಜಾವಾಗಳ ಭಾಗಗಳು ಇಂದಿಗೂ ತಯಾರಾಗುತ್ತವೆ. ಚಿಂತೆ ದುಡ್ಡಿನದು. ಎಲ್ಲ ಸೇರಿ ಇಪ್ಪತ್ತು ಸಾವಿರಕ್ಕೂ ಮೀರುತ್ತದೆ, ಮಗಳ ಕಾಲೇಜಿನ ಫೀಸೂ ಅದೇ ತಿಂಗಳು.

ಬೆಂಗಳೂರಿನವರು ಮತ್ತೆ ಫೋನ್ ಮಾಡಿದ್ದರು, ಈಗ ಮೊದಲಿನ ಎರಡರಷ್ಟಕ್ಕೂ ಹೆಚ್ಚು ಕೊಡುತ್ತಾರಂತೆ. ಒಂದು ರಾತ್ರಿ ಕೊಟ್ಟುಬಿಡೋಣವೆಂದೇ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಮನೆಯವರನ್ನು ಕೇಳಿದರೆ, "ಗಾಡಿ ನಿನ್ನದು, ನೀನೇ ಹೇಳು" ಎಂದರು. ಫೀಸ್ ಮೊದಲು ಕಟ್ಟಿದೆ. ಹಳೆಯ ಚಾದರ ಸುತ್ತಿದ ಎಂಜಿನ್ ಜಗುಲಿಯ ಮೂಲೆಯಲ್ಲಿದೆ, ಹೊಸ ಚೀಟಿ ಎತ್ತುವುದು ರಂಜಾನಿನ ನಂತರ. ರಿಯಾದ್‌ನ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡಿ ಮೊದಲು ಅಮ್ಮಿಯನ್ನು ವಿಚಾರಿಸುತ್ತಾರೆ, ಆಮೇಲೆ ಬೇರಿಂಗ್ ಬಂತೇ ಎಂದು ಕೇಳುತ್ತಾರೆ.